ಅಟ್ಟದ ತೊಲೆ

೬ ನವೆಂಬರ್ ೧೯೭೯, ಮಂಗಳವಾರ

ಸ್ವೆಟರಿಗೆಂದು ತಂದ ನೀಲಿ ಉಲ್ಲನ್ ಮೇಲೆ ಇವತ್ತೂ ಮರದ ಪುಡಿ ಬಿದ್ದಿತ್ತು. ಎಷ್ಟು ಕೊಡವಿದರೂ ಮರುದಿನ ಮತ್ತೆ ಅಷ್ಟೇ. ಸ್ಟೂಲ್ ಹತ್ತಿ, ಹೆಣೆಯುವ ಕಡ್ಡಿಯಿಂದಲೇ ಅಟ್ಟದ ತೊಲೆಯನ್ನು ಚುಚ್ಚಿ ನೋಡಿದೆ. ನಾದಿದ ಹಿಟ್ಟಿಗೆ ಚುಚ್ಚಿದ ಹಾಗೆ ಪೂರ್ತಿ ಒಳಗೆ ಹೋಯಿತು. ಹುಳು ಒಳಗನ್ನೆಲ್ಲ ತಿಂದು ಮೇಲಿನ ಬಣ್ಣವನ್ನಷ್ಟೇ ಉಳಿಸಿದೆ. ಆ ತೊಲೆಯ ಮೇಲೆ ಈ ವರ್ಷದ ಕಾಯಿಯೆಲ್ಲ ಕೊಬ್ಬರಿಯಾಗಲೆಂದು ತುಂಬಿದೆ. ಕೆಳಗೆ ಅತ್ತೆಯ ಮಂಚ.

ಇವರಿಗೆ ಹೇಳಿದೆ. "ನಮ್ಮಪ್ಪ ಹಾಕ್ಸಿದ್ ತೊಲೆ ಕಣೇ ಅದು. ಕೊಬ್ಬರಿ ಇಳಿಸ್ದಾಗ ನೋಡಾನ ಬುಡು" ಎಂದು ನಕ್ಕರು. ಅತ್ತೆಯೂ ಜಗ್ಗಲಿಲ್ಲ. "ಮದ್ವೆಯಾಗಿ ಬಂದಾಗ್ಲಿಂದ ಇಲ್ಲೇ ಮಲಗ್ತಿವ್ನಿ. ಈಗ್ಯಾಕವ್ವ ಎಬ್ಬಿಸ್ತೀಯ?"

ಕೊನೆಗೆ ಅತ್ತೆಗೆ ಸುಳ್ಳು ಹೇಳಿದೆ. ಕೆಟ್ಟ ಕನಸು ಬೀಳುತ್ತಿದೆ, ನಡುಮನೆಯಲ್ಲಿ ನನ್ನ ಜೊತೆ ಮಲಗಿ ಎಂದೆ. ತಕ್ಷಣ ದಿಂಬು ಎತ್ತಿಕೊಂಡು ಬಂದರು. ನನ್ನ ಹಣೆಗೆ ವಿಭೂತಿ ಹಚ್ಚಿ, ಪಕ್ಕದಲ್ಲೇ ಮಲಗಿದ್ದಾರೆ, ಪಾಪ.

ನನ್ನ ಎದೆ ಹಗುರಾಗುವಷ್ಟರಲ್ಲಿ ಇವರು ಹಾಸಿಗೆ ಸುತ್ತಿಕೊಂಡು ಅತ್ತೆಯ ಕೋಣೆಗೇ ಹೋದರು. "ಇವತ್ತು ನಾನೇ ಮಲಗ್ತೀನಿ. ಬೆಳಗ್ಗೆ ಎದ್ದು ಬಂದ್ರೆ ಒಪ್ಕೋತೀಯ ತಾನೇ?" ಕೈಹಿಡಿದು ಎಳೆದರೂ ಬರಲಿಲ್ಲ. ಈಗ ಗೊರಕೆ ಕೇಳುತ್ತಿದೆ.

ಆಗಲೇ ಅಟ್ಟದಲ್ಲಿ ಒಂದು ಕಾಯಿ ಉರುಳಿದ ಸದ್ದಾಯಿತು. ಇಲಿ ಇರಬೇಕು ಎಂದುಕೊಂಡೆ. ಈಗ ಇನ್ನೂ ನಾಲ್ಕಾರು ಉರುಳಿದವು, ಎಲ್ಲವೂ ಒಂದೇ ಕಡೆಗೆ. ಬೈದರೆ ಬೈಯಲಿ, ಇವರನ್ನು ಎಬ್ಬಿಸಿ—