ಮಂಗಮ್ಮನ ಅಡುಗೆಮನೆಯ ಕಿಟಕಿ

ಪ್ರೀತಿಯ ಸುಧಾಮಣಿ ಅಕ್ಕನಿಗೆ,

ಭಾವ ಚಾಮರಾಜನಗರದಲ್ಲಿ ಕಟ್ಟಿಸಲಿರುವ ಹೊಸ ಅಪಾರ್ಟ್‌ಮೆಂಟಿನ ನಕ್ಷೆ ನಾನು ಬರೆಯುವುದಿಲ್ಲ. ಕೈತುಂಬ ಕೆಲಸವಿದೆ ಎಂದು ಭಾವನಿಗೆ ಒಂದು ಮೆಸೇಜು ಹಾಕಿ ಸುಮ್ಮನಾಗುವುದರಲ್ಲಿದ್ದೆ. ನಿಜವಾದ ಕಾರಣ ನೀನು. ಅದನ್ನು ಹೇಳದೆಯೇ ಬಿಟ್ಟುಬಿಡುತ್ತಿದ್ದೆನೇನೋ.

ನೀವೀಗ ಇರುವ ಗುಂಡ್ಲುಪೇಟೆಯ ಕಟ್ಟಡ ಶುರುವಾದಾಗ ಇದ್ದದ್ದು ಸಣ್ಣ ಸೈಟು. ಪ್ರತಿ ಮಹಡಿಗೂ ಇನ್ನೊಂದು ಮನೆ ತೂರಿಸು ಎಂದು ಭಾವ ಒತ್ತುತ್ತಿದ್ದರು. ನೀನು ನನ್ನ ಮೇಜಿನ ಮುಂದೆ ಕೂತು, "ಬಾಗ್ಲಾಕ್ಕಂಡು ಒಳಗೇ ಸಾಯಕ್ಕಾಯ್ತದಾ? ಸಾರು ಕುದೀತಿದ್ರೂ ಮಾತಾಡಂಗಿರ್ಬೇಕು ಕಣಮ್ಮಿ" ಎಂದೆ. ನಮ್ಮೂರು ಉಡಿಗಾಲದಲ್ಲಿ ದೊಡ್ಡಮ್ಮನ ಜಗಲಿಯ ಮೇಲೆ ಹೆಂಗಸರೆಲ್ಲ ಕೂತು ಅವರೆಕಾಯಿ ಸುಲಿಯುತ್ತಿದ್ದುದು ಇಬ್ಬರಿಗೂ ನೆನಪಾಯಿತು. ಮಹಡಿಗೊಂದು ಅಗಲವಾದ ಜಗಲಿ ಇಟ್ಟೆ. ಎಲ್ಲ ಅಡುಗೆಮನೆಗಳ ಕಿಟಕಿಯೂ ಅದಕ್ಕೇ ತೆರೆಯುವಂತೆ ಮಾಡಿದೆ.

ವರ್ಷಗಟ್ಟಲೆ ಅಲ್ಲಿ ಚಪ್ಪಲಿ ಸ್ಟ್ಯಾಂಡು, ಒಣಹಾಕಿದ ಬಟ್ಟೆ, ಅಷ್ಟೆ. ಈರುಳ್ಳಿ ಮಂಡಿಯಲ್ಲಿ ಕೆಲಸ ಮಾಡುವ ಮಂಗಮ್ಮ ನಿನ್ನ ಮಹಡಿಯಲ್ಲೇ ಮನೆ ಕೊಂಡು ಬಂದಳಲ್ಲ, ಮೊರ ಹಿಡಿದು ಮೊದಲು ಹೊರಗೆ ಕೂತವಳು ಅವಳೇ. ಆಮೇಲೆ ಒಬ್ಬೊಬ್ಬರಾಗಿ ನೀವೆಲ್ಲ ಬಂದಿರಿ.

ಈ ಸಲ ಒಂದು ಕಾರ್ತಿಕ ಸೋಮವಾರ ಅವಳ ಮನೆಗೆ ನೆಂಟರು ಬಂದು ಬಾಡೂಟಕ್ಕೆ ಮಾಂಸ ಬೆಂದಿತು. ನಾನಿಟ್ಟ ಕಿಟಕಿಯಿಂದ ವಾಸನೆ ನಿಮ್ಮ ಪೂಜೆಯ ಹೊತ್ತಿಗೆ ಜಗಲಿಗೆ ಬಂತು. ಕಿಟಕಿ ಮುಚ್ಚಿಸು, ಇಲ್ಲ ಮನೆ ಮಾರು ಎಂದು ಅಲ್ಲೇ ಕೂತು ತೀರ್ಮಾನಿಸಿದಿರಿ. ಸಂಘದ ಅಧ್ಯಕ್ಷೆ ನೀನು. ಫೋನಿನಲ್ಲಿ ನೀನೇ ಹಿಗ್ಗಿ ಹೇಳಿದೆ: "ಮೀಟಿಂಗ್‌ಗೆ ಯಾವತ್ತೂ ಬರ್ದೋರೆಲ್ಲ ಬಂದ್ಬುಟ್ಟಿದ್ರು ಕಣಮ್ಮಿ. ನೀ ಆಸೆಪಟ್ಟಂಗೇ ಎಲ್ಲಾರೂ ಒಂದಾಗ್ಬುಟ್ಟೊ."

ಹೌದು. ನನ್ನ ಜಗಲಿ ಕೆಲಸ ಮಾಡಿತು.

ಹೋದ ವಾರ ನಿನಗೆ ತಿಳಿಸದೆ ಬಂದಿದ್ದೆ. ಕಿಟಕಿ ಇದ್ದ ಜಾಗದಲ್ಲಿ ಇಟ್ಟಿಗೆ. ಗಾರೆ ಇನ್ನೂ ಹಸಿ. ಮಟಮಟ ಮಧ್ಯಾಹ್ನ ಲೈಟು ಹಾಕಿಕೊಂಡು ಅಡುಗೆ ಮಾಡುತ್ತಿದ್ದ ಮಂಗಮ್ಮ, "ಬನ್ನಿ ಇಂಜಿನಿಯರಮ್ಮ. ಅವರೇಕಾಯಿ ಸುಲಿಯಾಕೆ ನನ್ ಕೈ ಆಯ್ತಿತ್ತು, ನನ್ ಒಲೆ ಮಾತ್ರ ಆಗ್ನಿಲ್ಲ. ಟೀ ಕುಡೀರಿ, ಅದ್ಕೇನ್ ವಾಸ್ನೆ ಇಲ್ಲ" ಎಂದು ನಕ್ಕಳು. ಕುಡಿದೆ.

ಜಗಲಿಯೇ ಬೇಡವಾಗಿತ್ತೆ? ಮುಚ್ಚಿದ ಬಾಗಿಲುಗಳ ಸಾಲೇ ಸರಿಯಿತ್ತೆ? ಗೊತ್ತಿಲ್ಲ. ಈಗ ಇನ್ನೊಂದು ನೆನಪಾಗುತ್ತಿದೆ: ದೊಡ್ಡಮ್ಮನ ಜಗಲಿಯ ಮೇಲೆ ಕೂತವರೆಲ್ಲ ನಮ್ಮವರೇ. ಹೊಲದಿಂದ ಕಾಯಿ ಬಿಡಿಸಿ ತಂದ ಹೆಂಗಸರು ಕೆಳಗೆ ಬೀದಿಯಲ್ಲೇ ನಿಂತಿರುತ್ತಿದ್ದರು. ನಕ್ಷೆ ಬರೆಯುವಾಗ ನನಗದು ಹೊಳೆಯಲಿಲ್ಲ. ನಿನಗೆ?

ಹೊಸ ಕಟ್ಟಡಕ್ಕೂ ಅಂಥದೇ ಜಗಲಿ ಬೇಕು, ಆದರೆ "ಮನೆಗಳ್ನ ನಮ್ಮೋರ್ಗೆ ಮಾತ್ರ ಕೊಡನ" ಎಂದಿದ್ದೀಯ. ಅದನ್ನು ಬೇರೆ ಯಾರಾದರೂ ಬರೆದುಕೊಡಲಿ. ಆ ಇಟ್ಟಿಗೆ ತೆಗೆಸಿದ ದಿನ ಕರೆ, ಬರುತ್ತೇನೆ. ಅಲ್ಲಿಯವರೆಗೆ ನಿನ್ನ ಮನೆಯಲ್ಲಿ ನಾನು ಉಣ್ಣುವುದಿಲ್ಲ.

ಮಕ್ಕಳಿಗೆ ಒಳ್ಳೆಯದಾಗಲಿ. ನಿನಗೂ ಆಗಲಿ ಎಂದು ಬರೆಯಲು ಮನಸ್ಸು ಪೂರ್ತಿ ಒಪ್ಪುತ್ತಿಲ್ಲ, ಆದರೂ ಬರೆದಿದ್ದೇನೆ.

ನಿನ್ನ ತಂಗಿ,
ವನಿತಾ

ನಿನ್ನ ಹಬ್ಬ ಕೆಡಿಸುವುದು ಬೇಡ. ಶಿವರಾತ್ರಿ ಕಳೆದ ಮಾರನೆಯ ದಿನ, ಫೆಬ್ರವರಿ ಹದಿನಾರರಂದು, ಇದನ್ನು ಅಂಚೆಗೆ ಹಾಕುತ್ತೇನೆ.