ತಾಳಿ ಕಟ್ಟುವವರೆಗೆ ಮುಚ್ಚಿಟ್ಟ ಸುದ್ದಿ

ರೀ,

ನಿಮ್ಮಣ್ಣ ಬಸವೇಶ್ ಭಾವನ ಜೊತೆ ನಾನಿನ್ನು ಮಾತಾಡುವುದಿಲ್ಲ. ಹಾಗನ್ನಬೇಡ ಎಂದು ಬೈಯಲು ನೀವೂ ಇಲ್ಲ.

"ನನಗೆ ರಜೆ ಸಿಗಲಿಲ್ಲ, ಅಣ್ಣನ ಮಗಳು ಪ್ರಿಯಾಂಕಳ ಮದುವೆಗೆ ನೀನಾದರೂ ಹೋಗು" ಎಂದು ಕ್ವಾರ್ಟರ್ಸಿನಿಂದ ನನ್ನನ್ನು ಶಿರಾಕ್ಕೆ ಕಳಿಸಿದವರು ನೀವು. ಮದುವೆಯ ಬೆಳಿಗ್ಗೆ ಗಡಿಯ ಹತ್ತಿರ ಸೇನೆಯ ಲಾರಿಗಳ ಮೇಲೆ ಬಾಂಬ್ ದಾಳಿಯಾಯಿತು. ಯೂನಿಟ್ಟಿನವರು ಭಾವನಿಗೆ ಫೋನ್ ಮಾಡಿ, ಸತ್ತವರಲ್ಲಿ ನಿಮ್ಮ ಹೆಸರೂ ಇದೆ ಎಂದರಂತೆ. ಭಾವ ಛತ್ರದ ಟೀವಿ ಆರಿಸಿದರು. ಚಾರ್ಜಿಗೆ ಹಾಕುತ್ತೇನೆಂದು ನನ್ನ ಮೊಬೈಲ್ ತೆಗೆದುಕೊಂಡರು. ದೇಶವೆಲ್ಲ ಆ ಸುದ್ದಿ ನೋಡುತ್ತಿದ್ದಾಗ ನಾನು ಮಲ್ಲಿಗೆ ಮುಡಿದು ನಿಮ್ಮಣ್ಣನ ಮಗಳಿಗೆ ಅಕ್ಷತೆ ಹಾಕುತ್ತಿದ್ದೆ.

ಊಟದ ಪಂಕ್ತಿಯಲ್ಲಿ ಯಾರೋ ಹೆಂಗಸು ನನ್ನ ಕೈ ಹಿಡಿದು ಅತ್ತಾಗ ಗೊತ್ತಾಯಿತು.

"ಗೊತ್ತಿದ್ದೂ ಸುಮ್ನಿದ್ರಾ, ಭಾವ?" ಎಂದು ಎಲ್ಲರೆದುರು ಕಿರುಚಿದೆ.

"ಮದ್ವೆ ನಿಂತೋದ್ರೆ ಮಗಳ ಗತಿ ಏನು? ತಾಳಿ ಕಟ್ಟಿ ಊಟ ಆದ್ಮ್ಯಾಕೆ ಹೇಳಾನ ಅಂತಿದ್ದೆ ಕಣಮ್ಮ" ಎಂದರು.

ನಿನ್ನೆ ಮದುವೆಯ ಆಲ್ಬಮ್ ಹಿಡಿದು ಬಂದಿದ್ದರು. "ಅವ್ನು ನಂಗೂ ತಮ್ಮ ಅಲ್ವೇನಮ್ಮ, ಲೋಹಿತಾ" ಎಂದು ಬಾಗಿಲಲ್ಲೇ ಅತ್ತರು. ಅಳಲಿ. ಯಾವಾಗ ಅಳಬೇಕೆಂದು ಆರಿಸಿಕೊಳ್ಳಲು ಅವರಿಗಾದರೂ ಆಯಿತು.

ಅವರ ಕೈಯಿಂದ ಆಲ್ಬಮ್ ಜಾರಿಬಿದ್ದು ಒಂದು ಪುಟ ತೆರೆದುಕೊಂಡಿತು. ಮದುಮಗಳ ಪಕ್ಕದಲ್ಲಿ ನಾನು ಬಾಯ್ತುಂಬ ನಗುತ್ತಿದ್ದೆ. ಅಷ್ಟು ಹೊತ್ತಿಗಾಗಲೇ ನೀವಿರಲಿಲ್ಲ. ಎತ್ತಿ ಅವರ ಕೈಗೇ ಕೊಟ್ಟು ಬಾಗಿಲು ಹಾಕಿದೆ.

ನಿಮ್ಮನ್ನು ಬಿಟ್ಟು ಮದುವೆಗೆ ಹೋಗಲ್ಲ ಎಂದು ನಾನು ಎಷ್ಟು ಜಗಳವಾಡಿದ್ದೆ. ಯಾಕೆ ಕಳಿಸಿದಿರಿ?