ರಾಕೇಲ್ ಹಾಡು

ಕರೋಶಿ, ೧೨ ಮೇ ೧೯೯೩

ಮಗ ಪಾರಿಸನಿಗೆ ಅವ್ವನ ಆಶೀರ್ವಾದ.

ನಿನ್ನ ಮಗಳು ತ್ರಿಶಲಾ ನಿನ್ನೆ ಸಿಟ್ಟಾಗಿ ಬಸ್ಸು ಹತ್ತಿ ನನ್ನ ಮನೆಗೆ ಬಂದಿದ್ದಾಳೆ. ಹುಡುಕಬೇಡ. "ಆಯಿ, ಅಪ್ಪ ನನ್ನ ರಾಕ್ ಕ್ಯಾಸೆಟ್ ಕಸಗೊಂಡಾನ. ಕೊಡೂತನಾ ಮನಿಗಿ ಹೋಗಂಗಿಲ್ಲ" ಅಂದಳು. ರಾಕ್ ಅಂದದ್ದನ್ನು ನಾನು ರಾಕೇಲ್ ಅಂತ ತಿಳಿದು ಸ್ಟೋವಿನ ಸೀಮೆಎಣ್ಣೆ ಡಬ್ಬಿ ತಂದುಕೊಟ್ಟೆ. ಅಳುತ್ತಿದ್ದವಳು ಬಿದ್ದು ಬಿದ್ದು ನಕ್ಕಳು.

ಅದು ಹಾಡಲ್ಲ, ಬರೀ ಧಡಧಡ ಗದ್ದಲ ಅಂದೆಯಂತೆ. ಆ ಗದ್ದಲದ ರುಚಿ ಹಚ್ಚಿದವನು ಯಾರಲೇ? ಹಿಟ್ಟಿನ ಗಿರಣಿಯಲ್ಲಿ ಅವಳ ತೊಟ್ಟಿಲು ಕಟ್ಟಿದವನು ನೀನು. ಇಂಜಿನ್ ನಿಂತರೆ ಕೂಸು ಎದ್ದು ಕಿರುಚುತ್ತಿತ್ತು. ಬೀಸುವ ಜೋಳ ಮುಗಿದರೂ, ಕಲ್ಲು ಸವೆದರೂ, ಅವಳ ನಿದ್ದೆಗಾಗಿ ಗಿರಣಿಯನ್ನು ಖಾಲಿ ಓಡಿಸಿದವನೂ ನೀನೇ. ಈಗ ಭಜನೆ ಕೇಳು ಅಂದರೆ ಅವಳ ಕಿವಿಗೆ ಹಿಡಿಸೀತೇ?

ಗಿರಣಿ ಮಾರಿದಾಗಿನಿಂದ ನಿನಗೂ ಸರಿಯಾಗಿ ನಿದ್ದೆ ಇಲ್ಲ ಅಂತ ನಿನ್ನ ಹೆಂಡತಿ ಹೇಳಿದ್ದಾಳೆ. ರವಿವಾರ ಮಧ್ಯಾಹ್ನ ಕ್ಯಾಸೆಟ್ ತೆಗೆದುಕೊಂಡು ಬಾ. ಟೇಪಿಗೆ ನಾಲ್ಕು ಸೆಲ್ಲೂ ಇರಲಿ. ಮಗಳ ಪಕ್ಕದಲ್ಲಿ ಅಡ್ಡಾಗಿ ಆ ಹಾಡು ಕೇಳು. ಹೊತ್ತು ಮುಳುಗುವ ಮೊದಲು ಇಬ್ಬರನ್ನೂ ಎಬ್ಬಿಸಿ ಊಟಕ್ಕೆ ಹಾಕುತ್ತೇನೆ.

ನಿನ್ನ ಅವ್ವ,
ಸೋನಾಬಾಯಿ